ಮಳೆ ಬಿದ್ದ ಮರುದಿನ ಲಾರಿ ಏಳದಿದ್ದರೆ ಪಂಪಿಗೆ ಕೈ ಹಾಕುವ ಮುಂಚೆ

ದಾವಣಗೆರೆಯಲ್ಲಿ ಜೋರು ಮಳೆ ಬಿದ್ದ ಮರುದಿನ ನನಗೆ ಬರುವ ಫೋನುಗಳೆಲ್ಲ ಒಂದೇ ಥರ. "ಮೇಸ್ತ್ರಿ, ರಾತ್ರಿ ಚೆನ್ನಾಗಿತ್ತು, ಈಗ ಸೆಲ್ಫ್ ಹೊಡೆದ್ರೆ ತಗೊಳ್ತಿಲ್ಲ." ನಮ್ಮ ಲೈನಿನಲ್ಲಿ ಇದಕ್ಕೆ ಎರಡೇ ಉತ್ತರ. ಡೀಸೆಲ್ಲಿಗೆ ನೀರು ಸೇರಿದೆ, ಇಲ್ಲಾ ಇಂಜಿನ್ನಿಗೆ ಡೀಸೆಲ್ ಒತ್ತಿ ಕಳಿಸುವ ಪಂಪು ಹೋಗಿದೆ. ನಾನು ಮಾತ್ರ ಮೊದಲು ವೋಲ್ಟ್ ನೋಡುವ ಮೀಟರ್ ತೆಗೆಯುತ್ತೇನೆ, ಅದೂ ಬ್ಯಾಟರಿಯ ಮೈನಸ್ ಕಡೆಗೆ. ಪಿ.ಬಿ. ರೋಡಿನ ಕೆಲವು ಮೇಸ್ತ್ರಿಗಳು ಇದನ್ನು ನೋಡಿ ನಕ್ಕಿದ್ದರು. ಒಬ್ಬರಂತೂ "ಇವನು ಲಾರಿಗೆ ಬಿಪಿ ನೋಡ್ತಾನೆ" ಅಂತ ಊರೆಲ್ಲ ಹೇಳಿಕೊಂಡು ಬಂದರು. ಕಳೆದ ಮಳೆಗಾಲ ಮುಗಿಯುವಷ್ಟರಲ್ಲಿ ಅವರೂ ಒಂದು ಮೀಟರ್ ಕೊಂಡರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರ ಬಾಯಿ ಮುಚ್ಚಿಸಿದ್ದು ಮೆಕ್ಕೆಜೋಳ ಹೊಡೆಯುವ ಒಂದು ಹತ್ತು ಟೈರಿನ ಗಾಡಿ. ಹಳೇ ಮಾಡೆಲ್, ಸೆನ್ಸರ್ ಗಿನ್ಸರ್ ಇಲ್ಲದ ಮೆಕ್ಯಾನಿಕಲ್ ಪಂಪು. ಎಪಿಎಂಸಿ ಹೊರಗೆ ಲೋಡ್ ಸಮೇತ ನಿಂತಿತ್ತು. ಬಿಸಿಲಿದ್ದ ದಿನ ಒಂದೇ ಸೆಲ್ಫಿಗೆ ಎದ್ದುಬಿಡುತ್ತಿತ್ತು. ಮಳೆ ಬಿದ್ದ ಬೆಳಿಗ್ಗೆ ಗರ್... ಗರ್... ಅಂತ ಎಳೆದು ಸುಮ್ಮನಾಗುತ್ತಿತ್ತು. ಮಾಲೀಕರು ನನ್ನ ಹತ್ತಿರ ಬರುವ ಮುಂಚೆಯೇ ಎರಡು ಹೊಸ ಬ್ಯಾಟರಿ ಹಾಕಿಸಿದ್ದರು, 22 ಸಾವಿರದ ಹತ್ತಿರ. ಆಮೇಲೆ ಪಂಪು, ಡೀಸೆಲ್ ಚಿಮ್ಮಿಸುವ ನಾಝಲ್ ಇಳಿಸಿ ಕ್ಯಾಲಿಬ್ರೇಷನ್ನಿಗೆ, ಅಂದರೆ ಅಳತೆ ಸರಿಮಾಡಿಸಲು, ಕೊಟ್ಟು 16-17 ಸಾವಿರ. ಸೆಲ್ಫ್ ಮೋಟಾರಿನ ಬುಷ್, ಬ್ರಷ್ ಬದಲಾಯಿಸಿ ಮೂರೂವರೆ. ನಿಂತ ದಿನಗಳ ಬಾಡಿಗೆ ಬೇರೆ ಹೋಯಿತು. ಪಂಪು ಕೂರಿಸಿದ ದಿನ ಬಿಸಿಲಿತ್ತು, ಗಾಡಿ ಎದ್ದಿತು, ಎಲ್ಲರೂ ಟೀ ಕುಡಿದರು. ಮುಂದಿನ ಮಳೆಗೆ ಮತ್ತೆ ಅದೇ ಕಥೆ.

ನಾನು ಹೋದವನು ಪಾನಾ ಮುಟ್ಟಲಿಲ್ಲ. ಸೆಲ್ಫ್ ಹೊಡೆಸಿ ಸೈಲೆನ್ಸರ್ ಬಾಯಿ ನೋಡಿದೆ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ತಲುಪಿಲ್ಲ. ಆಗ ಡೀಸೆಲ್ ಬಿಡುವ, ತಡೆಯುವ ಕಟಾಫ್ ಸೊಲೆನಾಯ್ಡ್, ಅದರ ಫ್ಯೂಸು, ಲೈನಿನಲ್ಲಿ ಏರ್, ಇವನ್ನೆಲ್ಲ ನೋಡಬೇಕು. ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ ಅಷ್ಟೇ. ಇಲ್ಲಿ ಬಿಳಿ ಹೊಗೆ ಚೆನ್ನಾಗಿಯೇ ಬರುತ್ತಿತ್ತು. ಪಂಪಿನ ಮೇಲಿನ ಅನುಮಾನ ಅಲ್ಲೇ ಅರ್ಧ ಇಳಿಯಬೇಕು, ಅಲ್ವಾ? ಸೆಲ್ಫ್ ನಿಧಾನಕ್ಕೆ ಎಳೆದರೆ ಕಂಪ್ರೆಷನ್ ಬಿಸಿ ಸಾಲುವುದಿಲ್ಲ, ಯಾವ ಪಂಪು ಹಾಕಿದರೂ ಅಷ್ಟೇ.

ಆಮೇಲೆ ಮೀಟರ್. ಎರಡು ಬ್ಯಾಟರಿ ಸೇರಿ 24 ವೋಲ್ಟಿನ ಗಾಡಿ. ಬ್ಯಾಟರಿ ಮೇಲೆ ಸುಮ್ನೆ ಇದ್ದಾಗ 25 ವೋಲ್ಟಿಗೂ ಮೇಲೆ, ಸೆಲ್ಫ್ ಹೊಡೆದಾಗ 21ರ ಆಸುಪಾಸು. ಬ್ಯಾಟರಿ ಗಟ್ಟಿಯಾಗಿಯೇ ಇದೆ. ಸೆಲ್ಫ್ ಮೋಟಾರಿನ ದೊಡ್ಡ ಬೋಲ್ಟಿಗೂ ಅದರ ಬಾಡಿಗೂ ಹಿಡಿದರೆ 16 ಚಿಲ್ಲರೆ. ಹಾಗಾದರೆ ಮಧ್ಯದ ಐದು ವೋಲ್ಟ್ ಎಲ್ಲಿ ಹೋಯಿತು? ಮೀಟರಿನ ಒಂದು ವೈರು ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಪೇಂಟ್ ಕೆರೆದ ಇಂಜಿನ್ ಬ್ಲಾಕಿಗೆ ಇಟ್ಟು ಕ್ಲೀನರ್ ಹುಡುಗನಿಗೆ "ಹೊಡಿಯಪ್ಪಾ" ಅಂದೆ. ನಾಲ್ಕು ವೋಲ್ಟಿಗೂ ಮೇಲೆ ತೋರಿಸಿತು, ಅಂದರೆ ಅಷ್ಟು ಮೈನಸ್ ದಾರಿಯಲ್ಲೇ ಕಳೆದುಹೋಗುತ್ತಿದೆ! ಅರ್ಧ ವೋಲ್ಟ್ ಆದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ, ಒಂದು ದಾಟಿದರೆ ಕೇಬಲ್ ಬಿಚ್ಚುತ್ತೇನೆ.

ಮಾಲೀಕರಿಗೆ ಇನ್ನೂ ನಂಬಿಕೆ ಇಲ್ಲ. ಜಂಪರ್ ಕೇಬಲ್ ಒಂದೇ ಒಂದು ತಗೊಂಡು ಬ್ಯಾಟರಿ ಮೈನಸ್ಸಿನಿಂದ ನೇರ ಬ್ಲಾಕಿಗೆ ಕಚ್ಚಿಸಿದೆ. ಗಾಡಿ ತಕ್ಷಣ ಎದ್ದಿತು. ಪಂಪು ಇಳಿಸಿದ್ದ ಮೇಸ್ತ್ರಿಯೂ ಅಲ್ಲೇ ಇದ್ದರು. "ಅಷ್ಟು ಹೊತ್ತು ಹೊಡೆದು ಇಂಜಿನ್ ಬಿಸಿಯಾಗಿತ್ತು, ಅದಕ್ಕೇ" ಅಂದರು. ಸರಿ, ರಾತ್ರಿಯೆಲ್ಲ ಆರಲಿ ಅಂತ ಬಿಟ್ಟು ಬೆಳಿಗ್ಗೆ ಎಲ್ಲರ ಮುಂದೆ ಮತ್ತೆ ತೋರಿಸಿದೆ. ಕೇಬಲ್ ಇಲ್ಲದೆ ಗರ್... ಗರ್..., ಕಚ್ಚಿಸಿದರೆ ಸ್ಟಾರ್ಟ್. ಆಮೇಲೆ ಯಾರೂ ಮಾತಾಡಲಿಲ್ಲ.

ಚಾಸಿಯಿಂದ ಗೇರ್‌ಬಾಕ್ಸಿಗೆ ಬರುವ ಅರ್ತ್ ಕೇಬಲ್ಲೇ, ಅಂದರೆ ಮೈನಸ್ ಕಡೆಯ ದಪ್ಪ ವೈರೇ, ಕಳ್ಳ. ಬೋಲ್ಟ್ ಟೈಟಾಗಿತ್ತು, ಮೇಲೆ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಕೇಬಲ್ ತುದಿಯ ಲೋಹದ ಬಳೆ, ಅದೇ ಲಗ್, ಬಿಚ್ಚಿ ಬಗ್ಗಿಸಿದರೆ ಒಳಗಿನ ತಾಮ್ರ ಹಸಿರು ಪುಡಿಯಾಗಿ ಉದುರಿತು. ಬಿಸಿಲಲ್ಲಿ ಉಳಿದ ನಾಲ್ಕು ಎಳೆಯಲ್ಲೇ ಹೇಗೋ ನಡೆಯುತ್ತಿತ್ತು. ಮಳೆ ರಾತ್ರಿ ಇಂಜಿನ್ ತಣ್ಣಗಾಗಿ, ಆಯಿಲ್ ಗಟ್ಟಿಯಾಗಿ, ಸೆಲ್ಫ್ ಜಾಸ್ತಿ ಕರೆಂಟ್ ಕೇಳಿದಾಗ ಕೈ ಎತ್ತಿತು. ಹೊಸ ಕೇಬಲ್ 600-700 ರೂಪಾಯಿ, ನನ್ನ ಕೂಲಿ 1,500. ಲಗ್ ಒತ್ತಿದ ಮೇಲೆ ಅದರ ಬಾಯಿಗೆ ನಾನು ಒಂದು ಮಾಲು ಕಾಯಿಸಿ ತುಂಬುತ್ತೇನೆ, ಕೆಸರು ನೀರು ಒಳಗೆ ಇಳಿಯುವುದಿಲ್ಲ. ಅದೇನು ಅಂತ ಇಲ್ಲಿ ಹೇಳುವುದಿಲ್ಲ, ಹೊಟ್ಟೆಪಾಡು. ಗ್ರೀಸ್ ಅಂತೂ ಅಲ್ಲ.

ಡೀಸೆಲ್ಲಿಗೆ ನೀರು ಸೇರುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಟ್ಯಾಂಕ್ ಮುಚ್ಚಳದ ರಬ್ಬರ್ ಹೋಗಿದ್ದರೆ ಮಳೆ ನೀರು ಸೀದಾ ಒಳಗೆ. ಡೀಸೆಲ್ಲಿನಿಂದ ನೀರು ಬೇರೆ ಮಾಡುವ ಸೆಪರೇಟರಿನ ಕೆಳಗಿನ ಡ್ರೈನ್ ತಿರುಗಿಸಿ ಗಾಜಿನ ಬಾಟಲಿಗೆ ಹಿಡಿದು ಸ್ವಲ್ಪ ಹೊತ್ತು ಇಟ್ಟರೆ ಸಾಕು, ನೀರು ತಳದಲ್ಲಿ ನಿಲ್ಲುತ್ತದೆ. ನಾನು ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ದನದ ಗಾಯ ತೊಳೆಯುವ ಪರ್ಮಾಂಗನೇಟ್ ಇದೆಯಲ್ಲ, ಅದರ ಒಂದೆರಡು ಹರಳು ಬಾಟಲಿಗೆ ಹಾಕಿದೆ. ನೀರಿದ್ದರೆ ತಳ ನೇರಳೆ ಆಗುತ್ತದೆ, ಬರೀ ಡೀಸೆಲ್ ಆದರೆ ಬಣ್ಣ ಬಿಡುವುದಿಲ್ಲ. ಮಾಲೀಕರಿಗೆ ತೋರಿಸಲು ಚೆಂದ. ಆದರೆ ಕೆಸರು ಕಲಸಿ ಮಬ್ಬಾದ ಡೀಸೆಲ್ಲಿನಲ್ಲಿ ಏನೂ ಕಾಣುವುದಿಲ್ಲ. ಮಳೆಗೆ ವೈರಿಂಗ್ ಒದ್ದೆಯಾಗದಿರಲಿ ಅಂತ ರಿಲೇ ಬಾಕ್ಸಿಗೆ ಪ್ಲಾಸ್ಟಿಕ್ ಸುತ್ತಿ ಟೇಪ್ ಹೊಡೆದೂ ನೋಡಿದೆ. ಇಂಜಿನ್ ಬಿಸಿಗೆ ಒಳಗೇ ಬೆವರಿ ಪಿನ್ನುಗಳೆಲ್ಲ ಇನ್ನೂ ಬೇಗ ಹಸಿರಾದವು. ಅದನ್ನು ಕೈಬಿಟ್ಟೆ.

ಒಂದು ಕಡೆ ಮಾತ್ರ ಸೆಲ್ಫ್ ಮುಟ್ಟಲೇಬಾರದು. ಗಾಡಿ ಅಂಡರ್‌ಪಾಸ್ ನೀರಿನಲ್ಲಿ ಓಡುತ್ತಾ ಆಫ್ ಆಗಿದ್ದರೆ ಮೊದಲು ಏರ್ ಫಿಲ್ಟರ್ ಬಿಚ್ಚಿ ನೋಡಿ. ಒದ್ದೆಯಿದ್ದರೆ ಸಿಲಿಂಡರಿನಲ್ಲೂ ನೀರಿರಬಹುದು. ಹಾಗೇ ಹೊಡೆದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ನಾಝಲ್ ತೆಗೆದು ಇಂಜಿನ್ ಕೈಯಲ್ಲಿ ತಿರುಗಿಸಿ ನೀರು ಹೊರಗೆ ಹಾಕಿ. ತಳ್ಳಿ ಸ್ಟಾರ್ಟ್ ಮಾಡಲು ಹೋಗಬೇಡಿ.

2020ರ ಏಪ್ರಿಲ್‌ನಿಂದ ಬಂದ ಬಿಎಸ್6, ಅಂದರೆ ಹೊಸ ಹೊಗೆ ನಿಯಮದ, ಗಾಡಿಗಳಿಗೆ ಈ ಮೀಟರ್ ಪರೀಕ್ಷೆ ನಡೆಯುವುದಿಲ್ಲ ಅಂತ ವಾದ ಮಾಡುವವರಿದ್ದಾರೆ. ಚಿತ್ರದುರ್ಗದ ಹೈವೇ ಪಕ್ಕ ಒಂದು ನಿಂತಿತ್ತು. ಸ್ಕ್ಯಾನರಿನಲ್ಲಿ ರೈಲ್ ಪ್ರೆಷರ್, ಅಂದರೆ ನಾಝಲ್ಲಿಗೆ ಹೋಗುವ ಡೀಸೆಲ್ಲಿನ ಒತ್ತಡ, ಕಡಿಮೆ ಅಂತ ಬಂತು. ಹೈ ಪ್ರೆಷರ್ ಪಂಪು ಹಾಕಿಸಿ ಅಂದಿದ್ದರಂತೆ, ಅದರ ರೇಟು ಕೇಳಿ ಮಾಲೀಕರು ಅಲ್ಲೇ ಕೂತುಬಿಟ್ಟಿದ್ದರು. ಇಂಜಿನ್ನೇ ನಿಧಾನಕ್ಕೆ ತಿರುಗಿದರೆ ಪಂಪು ಪ್ರೆಷರ್ ಎಲ್ಲಿಂದ ಕೊಡಬೇಕು? ಮೈನಸ್ ಕಡೆ ಮೀಟರ್ ಹಿಡಿದೆ, ಮೂರು ವೋಲ್ಟ್ ಹತ್ತಿರ ತಿನ್ನುತ್ತಿತ್ತು. ಚಾಸಿ ಮೇಲಿನ ಲಗ್ ಬಿಚ್ಚಿ, ಕೆರೆದು, ಮತ್ತೆ ಬಿಗಿದೆ. ಅಲ್ಲಿಂದಲೇ ಗಾಡಿ ಹೊರಟಿತು. ಹೋಗಿ ಬರುವ ಡೀಸೆಲ್ ಸೇರಿಸಿ 2,500 ತಗೊಂಡೆ. ಈಗ ಸುಮ್ನೆ ಮೀಟರ್ ಹಿಡಿದು ನೋಡುವುದಕ್ಕೇ 300 ಇಟ್ಟಿದ್ದೇನೆ.