ತಾಳೆಯಾಗದೆ ಫಲಿತಾಂಶವಿಲ್ಲ: ನಮ್ಮ ಶಾಲಾ ಸಂಸತ್ ಚುನಾವಣೆ

ಗದಗ ತಾಲ್ಲೂಕಿನ ನಮ್ಮ ಸರ್ಕಾರಿ ಪ್ರೌಢಶಾಲೆಯಲ್ಲಿ ಈ ಸಲದ ಸಂಸತ್ ಚುನಾವಣೆಯನ್ನು ಪೂರ್ತಿ ಮಕ್ಕಳೇ ನಡೆಸಿದರು. ಪಿಒ (ಮತಗಟ್ಟೆಯ ಮುಖ್ಯ ಅಧಿಕಾರಿ), ಅಭ್ಯರ್ಥಿಗಳ ಏಜೆಂಟರು ಎಲ್ಲ ಅವರೇ. “ಗದ್ದಲ ಆಗ್ತೈತ್ರಿ ಸರ, ಕೈ ಎತ್ತಿಸಿ ಮುಗಸ್ರಿ” ಎಂದಿದ್ದ ಸಹೋದ್ಯೋಗಿಗಳೇ ಮಧ್ಯಾಹ್ನ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಕೈ ಎತ್ತಿಸುವುದು ಎಲ್ಲರೂ ಮಾಡಿದ್ದೇ. ಗೆಳೆಯನ ಮುಖ ನೋಡಿ ಕೈ ಮೇಲೇಳುತ್ತದೆ. ಚೀಟಿ ಹಾಕಿಸಿದರೆ ಮಾನಿಟರ್ ಇಣುಕುತ್ತಾನೆ. ಮೊಬೈಲ್ ಆ್ಯಪ್‌ನ ಇವಿಎಂ ತಂದಾಗ ಮತದಾನದ ನಡುವೆಯೇ ಫೋನ್ ಬಂದು, ಮತ ಬಿತ್ತೋ ಇಲ್ಲವೋ ಎಂದು ಜಗಳ. ಸಿಮ್ ತೆಗೆದಿಟ್ಟ ಮೇಲೆ ಆ ಕಾಟ ತಪ್ಪಿತು. ಆದರೂ ಸೋತವರು “ಸರ್ ಮೊದಲ ಒತ್ತಿಟ್ಟಿದ್ರು” ಎಂದರು.

ಅದಕ್ಕೇ ಈ ಸಲ ಇಲೆಕ್ಷನ್ ಡ್ಯೂಟಿಯಲ್ಲಿ ನಾವು ಮಾಡುವುದನ್ನೆಲ್ಲ ಅವರ ಕೈಗೇ ಕೊಟ್ಟೆ. ಏಜೆಂಟರ ಎದುರು 50 ಮತದ ಅಣಕು ಮತದಾನ, ಎಣಿಸಿ ಯಂತ್ರದಿಂದ ಕ್ಲಿಯರ್. 17ಎ ಮಾದರಿಯ ಮತದಾರರ ರಿಜಿಸ್ಟರ್‌ಗೆ ಸಹಿ, ಎಡಗೈ ತೋರುಬೆರಳಿಗೆ ಗುರುತು, ಆಮೇಲೆ ಬ್ಯಾಲಟ್ ಗುಂಡಿ ಒತ್ತಿ ಮತಕ್ಕೆ ಬಿಡುವುದು. ಸಂಜೆ ಬಿದ್ದ ಮತಗಳ ಲೆಕ್ಕದ ನಮೂನೆ 17ಸಿ ತುಂಬಬೇಕು. ಲೆಕ್ಕ ತಾಳೆಯಾಗದೆ ಫಲಿತಾಂಶವಿಲ್ಲ.

ತಾಳೆಯಾಗಲಿಲ್ಲ! ಸಹಿ ಸುಮಾರು 230, ಯಂತ್ರದಲ್ಲಿ ಒಂದು ಕಡಿಮೆ. ಏಜೆಂಟರು ದನಿ ಏರಿಸುವಷ್ಟರಲ್ಲಿ ಪಿಒ ಆಗಿದ್ದ ಒಂಬತ್ತನೆಯ ತರಗತಿ ಹುಡುಗಿ ಷರಾ ಕಲಂ ಮೇಲೆ ಬೆರಳಿಟ್ಟಳು. ಸಹಿ ಹಾಕಿದ ಮೇಲೆ ಒಬ್ಬ ಹುಡುಗ ಮತ ಹಾಕಲ್ಲ ಎಂದು ಹೊರಟಿದ್ದ. ಅದನ್ನು ಬರೆದು, ಅವನ ಸಹಿಯನ್ನೂ ಅವಳು ಪಡೆದಿದ್ದಳು. “ಇಲ್ಲೈತಿ ನೋಡ್ರಿ.” ಏಜೆಂಟರು ಒಬ್ಬೊಬ್ಬರಾಗಿ ಓದಿ ಸುಮ್ಮನೆ ಸಹಿ ಹಾಕಿದರು. ಅನುಭವಿ ಪಿಒಗಳೂ ತಡವರಿಸುವ ಜಾಗ ಅದು. ನನಗೆ ಹೆಮ್ಮೆಯಿದೆ.

ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಬೇರೆಯವರ ಹೆಸರಲ್ಲಿ ಮತ ಹಾಕಲು ಒಬ್ಬನನ್ನು ನಾನೇ ಕಳಿಸಿದ್ದೆ. ಮತದಾರನ ಗುರುತನ್ನು ಏಜೆಂಟ್ ಪ್ರಶ್ನಿಸಬೇಕಾದರೆ ನಿಜವಾದ ಚುನಾವಣೆಯಲ್ಲೂ 2 ರೂಪಾಯಿ ಕಟ್ಟಬೇಕಲ್ಲ, ಇಲ್ಲೂ ಅದೇ ಇಟ್ಟಿದ್ದೆ. ಮೊದಲ ಇಬ್ಬರು ಏಜೆಂಟರು ದುಡ್ಡಿಗೆ ಹಿಂದೆ ಸರಿದರು. ಮೂರನೆಯವ ಕಟ್ಟಿ, ಹಿಡಿದು, ದುಡ್ಡು ವಾಪಸ್ ಪಡೆದ.

ಖರ್ಚು 300 ರೂಪಾಯಿ ಆಸುಪಾಸು: ರಟ್ಟು, ರಿಜಿಸ್ಟರ್, ಜೆರಾಕ್ಸ್. ಎಲ್ಲ ನನ್ನ ಜೇಬಿನದೇ. ಮೈಸೂರು ಪೇಂಟ್ಸ್‌ನ ಅಸಲಿ ಶಾಯಿ ನಮಗೆ ಸಿಗುವಂಥದ್ದಲ್ಲ. ತೊಳೆದರೂ ಸಂಜೆವರೆಗೆ ಹೋಗದ, ಚರ್ಮಕ್ಕೆ ತೊಂದರೆ ಕೊಡದ ಮಿಶ್ರಣವೊಂದು ನನ್ನಲ್ಲಿದೆ. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಬರುವ ವರ್ಷ ಅಭ್ಯರ್ಥಿಗಳಿಗೆ ಖರ್ಚಿನ ವಹಿ ಕೊಡುತ್ತೇನೆ, ಮಿತಿ 20 ರೂಪಾಯಿ. ಈ ಸಲ ಪೆಪ್ಪರ್‌ಮೆಂಟ್ ಹಂಚಿದ್ದರ ಲೆಕ್ಕ ಯಾರೂ ಕೊಟ್ಟಿಲ್ಲ.