ಗಂಡನನ್ನು ಒಳಗೆ ಕರೆಯುವ ಮೊದಲು

ನಾನು ಮಂಗಳೂರಿನಲ್ಲಿ ಎಚ್‌ಐವಿ ಆಪ್ತ ಸಮಾಲೋಚಕಿ. ನನ್ನ ಹತ್ತಿರ ಬರುವವರಲ್ಲಿ ಇಪ್ಪತ್ತರ ಆಸುಪಾಸಿನ ಹೆಣ್ಣುಮಕ್ಕಳೂ ಇದ್ದಾರೆ. ಕೆಲವರಿಗೆ ಬಸುರಿಯಾದಾಗ ಮಾಡುವ ರಕ್ತಪರೀಕ್ಷೆಯಲ್ಲಿ ಗೊತ್ತಾಗಿರುತ್ತದೆ. ಇನ್ನು ಕೆಲವರಿಗೆ ಹುಟ್ಟಿನಿಂದಲೇ ಇದೆ. ಅಜ್ಜಿಮನೆಯಲ್ಲೋ ಹಾಸ್ಟೆಲಿನಲ್ಲೋ ಮಾತ್ರೆ ನುಂಗುತ್ತಲೇ ದೊಡ್ಡವರಾಗಿದ್ದಾರೆ, ಈಗ ಮನೆಯಲ್ಲಿ ಮದುವೆ ಮಾತು. ಚಿಕಿತ್ಸೆ ಈಗ ಸುಲಭ. ಹೆಚ್ಚಿನವರಿಗೆ ದಿನಕ್ಕೆ ಒಂದೇ ಮಾತ್ರೆ, ಮೂರು ಔಷಧಿ ಸೇರಿಸಿ ಮಾಡಿದ ಟಿಎಲ್‌ಡಿ. ಎಚ್‌ಐವಿ ಚಿಕಿತ್ಸೆ ಕೊಡುವ ಸರ್ಕಾರಿ ಎಆರ್‌ಟಿ ಕೇಂದ್ರದಲ್ಲಿ ಉಚಿತ. ಕಷ್ಟ ಇರುವುದು ಆ ಡಬ್ಬಿಯನ್ನು ಮನೆಯಲ್ಲಿ ಎಲ್ಲಿಡುವುದು ಎನ್ನುವುದರಲ್ಲಿ. ಅಕ್ಕಿ ಡಬ್ಬದೊಳಗೆ ಬಚ್ಚಿಟ್ಟ ಮಾತ್ರೆ, ಅತ್ತೆ ಅಡುಗೆಮನೆ ಬಿಟ್ಟು ಏಳದ ರಾತ್ರಿ ತಪ್ಪಿಹೋಗುತ್ತದೆ. ಗಂಡನಿಗೆ ಗೊತ್ತಿದ್ದು, ಅವನು ಜೊತೆಗೆ ನಿಂತರೆ ಈ ಕಷ್ಟದಲ್ಲಿ ಅರ್ಧ ಅಲ್ಲೇ ಕರಗುತ್ತದೆ.

ಹಾಗಂತ ಅವಳನ್ನು ಕೇಳದೆ ನಾನು ಅವನಿಗೆ ಫೋನ್ ಮಾಡುವುದಿಲ್ಲ. ‘ಗಂಡನಿಗೆ ಹೇಳಲೇಬೇಕಲ್ವಾ ಮೇಡಂ?’ ಎಂದು ಹುಡುಗಿಯರು ಹೆದರಿ ಕೇಳುತ್ತಾರೆ. ನಾನು ತಿರುಗಿ ಕೇಳುತ್ತೇನೆ. ಅವರು ಕೈ ಮಾಡ್ತಾರಾ? ಕುಡಿದಾಗ ಹೇಗೆ? ಇವತ್ತು ರಾತ್ರಿ ಮನೆಯಿಂದ ಹೊರಗೆ ಹಾಕಿದರೆ ಎಲ್ಲಿಗೆ ಹೋಗ್ತೀಯ? ಮೂರನೆಯ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ನಾನು ಅವಸರ ಮಾಡುವುದಿಲ್ಲ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಸಂಗಾತಿಗೆ ಅಪಾಯ ಇದೆ ಅಂತ ಕಂಡರೆ, ಕೆಲವು ಷರತ್ತಿನ ಮೇಲೆ ವೈದ್ಯರೋ ಸಮಾಲೋಚಕರೋ ತಿಳಿಸಬಹುದು ಎಂದು ಅದರಲ್ಲಿದೆ. ಆದರೆ ಹೆಣ್ಣಿಗೆ ಹೊಡೆತ ಬೀಳಬಹುದು, ಅವಳನ್ನು ಬಿಟ್ಟುಬಿಡಬಹುದು ಎನ್ನುವ ಭಯ ಇದ್ದಲ್ಲಿ ತಿಳಿಸಬಾರದು ಎಂದೂ ಅಷ್ಟೇ ಸ್ಪಷ್ಟವಾಗಿ ಹೇಳಿದೆ. ನನ್ನ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಆಸರೆ ನನಗೆ ಬೇರೆ ಸಿಕ್ಕಿಲ್ಲ.

ಅವಳು ಒಪ್ಪಿದ ಮೇಲೆ ಅವನು ಸಿಗಬೇಕಲ್ಲ. ನಮ್ಮ ಊರಿನ ಗಂಡಸರು ಊರಲ್ಲಿರುವುದೇ ಕಡಿಮೆ. ದಕ್ಕೆಯಿಂದಲೋ ಮಲ್ಪೆಯಿಂದಲೋ ಹೊರಟ ಟ್ರಾಲ್ ಬೋಟಿನವರು ವಾರಗಟ್ಟಲೆ ಕಡಲಲ್ಲೇ. ಮುಂಬೈ ಹೋಟೆಲಿನವರು ನೇಮ, ಜಾತ್ರೆಗೆ ಬರುತ್ತಾರೆ. ಗಲ್ಫಿನವರು ರಜೆ ಸಿಕ್ಕಾಗ. ಅದಕ್ಕೆ ನನ್ನ ಡೈರಿಯಲ್ಲಿ ಅವರವರ ಕೆಲಸದ ಕಾಲ ಬರೆದುಕೊಂಡಿರುತ್ತೇನೆ. ಜೂನ್, ಜುಲೈಯಲ್ಲಿ ಟ್ರಾಲಿಂಗ್ ನಿಷೇಧ, ಬೋಟಿನವರು ಮನೆಯಲ್ಲೇ ಇರುತ್ತಾರೆ. ಆ ಎರಡು ತಿಂಗಳನ್ನು ನಾನು ಬೇರೆ ಯಾವ ಕೆಲಸಕ್ಕೂ ಕೊಡುವುದಿಲ್ಲ.

ಅಂಥ ಒಂದು ಮಳೆಗಾಲದಲ್ಲಿ ಒಬ್ಬರು ಬಂದರು. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿ ಹೇಳುತ್ತಿದ್ದೇನೆ. ಹೆಂಡತಿ ಐದು ತಿಂಗಳ ಬಸುರಿ. ‘ನೀವೇ ಹೇಳಿ ಮೇಡಂ, ನಾನು ಪಕ್ಕದಲ್ಲಿ ಕೂತಿರ್ತೇನೆ’ ಅಂದಿದ್ದಳು. ಹೇಳಿದೆ. ಅವರು ಉಗುರಿನಿಂದ ಮೇಜಿನ ಅಂಚು ಕೆರೆಯುತ್ತಾ ಕೂತರು. ತುಂಬಾ ಹೊತ್ತಿನ ಮೇಲೆ ಬಾಯಿಬಿಟ್ಟರು: ‘ನನಗೂ ಉಂಟಾ?’

ಹೆಚ್ಚುಕಡಿಮೆ ಎಲ್ಲ ಗಂಡಸರೂ ಮೊದಲು ಕೇಳುವುದು ಇದನ್ನೇ. ಇದು ಸ್ವಾರ್ಥ ಅಂತ ನನಗೆ ಅನಿಸುವುದಿಲ್ಲ. ತನ್ನ ಭಯ ಇಳಿಯುವ ತನಕ ಅವನಿಗೆ ಹೆಂಡತಿಯ ಮಾತ್ರೆ, ತಾರೀಕು ಯಾವುದೂ ಕಿವಿಗೆ ಹೋಗುವುದಿಲ್ಲ. ಹಾಗಾಗಿ ಉಪದೇಶ ಎಲ್ಲ ಪಕ್ಕಕ್ಕಿಟ್ಟು ಮೊದಲು ಅವನ ಪರೀಕ್ಷೆ. ಅವನಲ್ಲೂ ಇದ್ದರೆ ಅವನ ಚಿಕಿತ್ಸೆಯೂ ಶುರು. ಇಲ್ಲದಿದ್ದರೆ ಮೂರು ತಿಂಗಳ ಮೇಲೆ ಇನ್ನೊಮ್ಮೆ ನೋಡಬೇಕು, ಯಾಕೆಂದರೆ ಹೊಸದಾಗಿ ತಗುಲಿದ್ದು ಕೂಡಲೇ ಕಾಣಿಸುವುದಿಲ್ಲ.

ಇವರಿಗೆ ಇರಲಿಲ್ಲ. ಆಗ ಬಂತು ಕಷ್ಟದ ಮಾತು. ‘ನನಗಿಲ್ಲ, ಹಾಗಾದರೆ ಇವಳಿಗೆ ಎಲ್ಲಿಂದ?’ ಆ ಹುಡುಗಿ ಸೆರಗು ಮುಷ್ಟಿಯಲ್ಲಿ ಹಿಡಿದಿದ್ದಳು. ನಾನು ನಿಧಾನವಾಗಿ ಹೇಳಿದೆ. ಇದು ವರ್ಷಗಟ್ಟಲೆ ಸದ್ದಿಲ್ಲದೆ ಮೈಯಲ್ಲಿ ಇರಬಹುದು. ಯಾರಿಂದ ಬಂತು ಅಂತ ಈ ಪರೀಕ್ಷೆ ಹೇಳುವುದಿಲ್ಲ. ಬಸುರಿ ಅಂತ ಅವಳು ಆಸ್ಪತ್ರೆಗೆ ಬಂದಳು, ಅದಕ್ಕೆ ಅವಳದು ಗೊತ್ತಾಯಿತು. ಉಳಿದದ್ದು ಅವಳಿಗೆ ಬೇಕಾದಾಗ ಅವಳೇ ಹೇಳುವ ಮಾತು. ನನ್ನ ಹತ್ತಿರ ಇರುವುದು ಮಗುವಿನ ಲೆಕ್ಕ. ಏನೂ ಮಾಡದೆ ಬಿಟ್ಟರೆ ಮಗುವಿಗೆ ದಾಟುವ ಸಾಧ್ಯತೆ ನೂರಕ್ಕೆ 15ರಿಂದ 45. ತಾಯಿ ಸರಿಯಾಗಿ ಮಾತ್ರೆ ತಗೊಂಡು, ಹುಟ್ಟಿದ ಮಗುವಿಗೂ ಔಷಧಿ ಕೊಟ್ಟರೆ 5ಕ್ಕಿಂತ ಕಡಿಮೆ.

ಮೇಜು ಕೆರೆಯುವುದು ನಿಂತಿತು. ‘ನಾನೆಂತ ಮಾಡಬೇಕು?’

ಈ ಪ್ರಶ್ನೆ ಬಂದ ಕೂಡಲೇ ಕೈಗೆ ಒಂದು ಕೆಲಸ ಕೊಡಬೇಕು. ‘ಚೆನ್ನಾಗಿ ನೋಡಿಕೊಳ್ಳಿ’ ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ಅವರಿಗೆ ಕೊಟ್ಟದ್ದು ಕಬ್ಬಿಣದ ಮಾತ್ರೆಯ ಹೊತ್ತು. ಬಸುರಿಯರಿಗೆ ಕೊಡುವ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಟಿಎಲ್‌ಡಿ ಜೊತೆಗೆ ನುಂಗಿದರೆ, ಅದರಲ್ಲಿರುವ ಡೊಲುಟೆಗ್ರಾವಿರ್ ಎನ್ನುವ ಔಷಧಿ ಮೈಗೆ ಸರಿಯಾಗಿ ಹತ್ತುವುದಿಲ್ಲ. ಅದಕ್ಕೆ ಅವು ಮಧ್ಯಾಹ್ನ ಊಟದ ಮೇಲೆ, ಟಿಎಲ್‌ಡಿ ರಾತ್ರಿ ಒಂಬತ್ತಕ್ಕೆ. ಅವರು ಅದನ್ನು ಫೋನಿನಲ್ಲಿ ಅಲಾರಂ ಇಟ್ಟುಕೊಂಡರು. ಮಗು ಹುಟ್ಟಿದ ಮೇಲೆ ಸಿರಪ್ ಕುಡಿಸುವುದು, ಆರು ವಾರಕ್ಕೆ ಮಗುವಿನ ರಕ್ತಪರೀಕ್ಷೆಗೆ ಕರಕೊಂಡು ಬರುವುದು, ಅದೂ ಅವರ ಪಾಲಿಗೆ.

ಹೊಸ ಮದುಮಗಳಾದರೆ ಇನ್ನೊಂದು ಕೆಲಸ ಇದೆ. ಆಟಿ ಕೂರಲು, ಅಂದರೆ ಮಳೆಗಾಲದ ತುಳು ತಿಂಗಳು ಆಟಿಯನ್ನು ತವರಲ್ಲಿ ಕಳೆಯಲು ಹೋಗುವಾಗ, ಅಲ್ಲಿನವರ ಕಣ್ಣಿಗೆ ಬೀಳುತ್ತದೆ ಅಂತ ಹುಡುಗಿಯರು ಡಬ್ಬಿ ಬಿಟ್ಟೇ ಹೋಗುತ್ತಾರೆ. ಅಷ್ಟು ದಿನದ ಮಾತ್ರೆ ಎಣಿಸಿ, ಲೇಬಲ್ ಇಲ್ಲದ ಡಬ್ಬಿಗೆ ಹಾಕಿ ಕೊಡುವುದು ಗಂಡನ ಕೆಲಸ. ಒಮ್ಮೆ ಹೇಳಿದರೆ ಮಾಡುತ್ತಾರೆ.

ಆದರೆ ಒಂದು ಎಚ್ಚರ ಬೇಕು. ಕೆಲವರು ಪೊಲೀಸರ ಹಾಗೆ ಆಗಿಬಿಡುತ್ತಾರೆ. ‘ತಗೊಂಡ್ಯಾ? ತೋರಿಸು, ನಾಲಗೆ ಎತ್ತು.’ ಇದು ಕಾಳಜಿ ಅಲ್ಲ, ಇದರಿಂದ ಹುಡುಗಿಯರು ಸುಳ್ಳು ಹೇಳಲು ಕಲಿಯುತ್ತಾರೆ. ಹಾಗಾಗಿ ಪ್ರತಿ ಸಲ ಅವಳನ್ನು ಒಬ್ಬಳನ್ನೇ ಕೂರಿಸಿ ಮಾತಾಡಿಸುತ್ತೇನೆ, ಗಂಡ ಎಷ್ಟೇ ಒಳ್ಳೆಯವನಾಗಿರಲಿ. ಅವನು ಇದ್ದರೆ ಸಹಾಯ ಆಗ್ತಿದೆಯಾ, ಕಿರಿಕಿರಿ ಆಗ್ತಿದೆಯಾ ಅಂತ ಅವಳ ಬಾಯಲ್ಲೇ ಕೇಳಬೇಕು.

ಮದುವೆಗೆ ಮೊದಲೇ ಹುಡುಗನನ್ನು ಕರಕೊಂಡು ಬರುವವರಿದ್ದಾರೆ. ಅವರ ಧೈರ್ಯ ಕಂಡರೆ ನನಗೆ ಗಂಟಲು ಕಟ್ಟುತ್ತದೆ. ಆ ಹುಡುಗರಿಗೆ ನಾನು 2011ರಲ್ಲಿ ಹೊರಬಂದ ಅಧ್ಯಯನದ ಸಂಗತಿ ಹೇಳುತ್ತೇನೆ. ಒಂಬತ್ತು ದೇಶಗಳಲ್ಲಿ ಒಬ್ಬರಿಗೆ ಎಚ್‌ಐವಿ ಇದ್ದು ಇನ್ನೊಬ್ಬರಿಗೆ ಇಲ್ಲದ ಜೋಡಿಗಳನ್ನು ನೋಡಿದ್ದರು. ನಮ್ಮ ಚೆನ್ನೈ, ಪುಣೆಯವರೂ ಅದರಲ್ಲಿದ್ದರು. ಬೇಗ ಚಿಕಿತ್ಸೆ ಶುರುವಾದಲ್ಲಿ ಸಂಗಾತಿಗೆ ಹರಡುವುದು ನೂರಕ್ಕೆ 96ರಷ್ಟು ತಗ್ಗಿತ್ತು. ಈಗ ಅದಕ್ಕಿಂತ ಮುಂದೆ ಬಂದಿದ್ದೇವೆ. ಮಾತ್ರೆ ತಪ್ಪಿಸದೆ, ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ಅಳೆಯುವ ವೈರಲ್ ಲೋಡ್ ಪರೀಕ್ಷೆಯಲ್ಲಿ ಅದು ಕಾಣಿಸದಷ್ಟು ಇಳಿದು ಹಾಗೇ ಉಳಿದರೆ, ದೈಹಿಕ ಸಂಬಂಧದಿಂದ ಹರಡುವುದಿಲ್ಲ. ಚಿಕಿತ್ಸೆ ಶುರುವಾಗಿ ಆರು ತಿಂಗಳಿಗೆ ಮೊದಲ ವೈರಲ್ ಲೋಡ್ ಪರೀಕ್ಷೆ. ಆ ರಿಪೋರ್ಟ್ ನೋಡಲು ಇಬ್ಬರೂ ಒಟ್ಟಿಗೆ ಬನ್ನಿ ಅನ್ನುತ್ತೇನೆ, ಅಲ್ಲಿಯವರೆಗೆ ಕಾಂಡೋಮ್ ಬಿಡಬೇಡಿ ಅಂತಲೂ.

ಗಂಡನನ್ನು ಕರೆಯಲಾಗದ ಹುಡುಗಿಯರಿಗೆ ಬೇರೆ ಜನ ಹುಡುಕುತ್ತೇವೆ. ಒಬ್ಬಳಿಗೆ ನಾದಿನಿ, ಇನ್ನೊಬ್ಬಳಿಗೆ ಕೆಲಸದ ಜಾಗದ ಗೆಳತಿ. ಯಾರೂ ಇಲ್ಲದವರಿಗೆ 1097 ಸಹಾಯವಾಣಿ ಬರೆದುಕೊಡುತ್ತೇನೆ. ಕರೆ ಉಚಿತ, ಹೆಸರು ಹೇಳಬೇಕಾಗಿಲ್ಲ.