ಬಾತಿನ ಗರಿಯಿಂದ ಪೆನ್ನು: ಮನೆಯಲ್ಲೇ ಮಾಡಿ ನೋಡಿ

ಗರಿ ಅಂದರೆ ನಮಗೆ ಹಕ್ಕಿಯದ್ದೂ ಹೌದು, ತೆಂಗಿನದ್ದೂ ಹೌದು. ನಮ್ಮ ಹಿರಿಯರು ತಾಳೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಕೊರೆದು ಬರೆದರು. ಅಂದರೆ ನಮಗೆ ಗರಿಯೇ ಕಾಗದ. ಯುರೋಪಿನವರಿಗೆ ಗರಿಯೇ ಪೆನ್ನು. ಪೆನ್ ಅನ್ನುವ ಮಾತು ಹುಟ್ಟಿದ್ದೂ ಲ್ಯಾಟಿನ್ನಿನ ‘ಪೆನ್ನಾ’ದಿಂದ, ಅದರ ಅರ್ಥ ಗರಿ. ಇನ್ನು ನಾನಿರುವ ಪುಣೆಯಲ್ಲಿ ಪೇಶ್ವೆ ಕಾಲದ ಕಾರಕೂನರು ಮರಾಠಿಯ ಮೋಡಿ ಲಿಪಿ ಬರೆದಿದ್ದು ಬೋರುವಿನಿಂದ, ಅಂದರೆ ಕೊಯ್ದು ಚೂಪು ಮಾಡಿದ ಜೊಂಡಿನ ಕಡ್ಡಿಯಿಂದ.

ಇಂಗ್ಲಿಷಿನಲ್ಲಿ ಬರೆಯುವ ಗರಿಗೆ ‘ಕ್ವಿಲ್’ ಅನ್ನುತ್ತಾರೆ, ಮುಳ್ಳುಹಂದಿಯ ಮುಳ್ಳಿಗೂ ಅದೇ ಹೆಸರು. ಸೀಮಂತದಲ್ಲಿ ಬಸುರಿಯ ಬೈತಲೆ ತೆಗೆಯುವ ಆ ಮುಳ್ಳೇ! ಅದರಿಂದ ಪೆನ್ನು ಮಾಡಲು ಹೋಗಬೇಡಿ. ನಮಗೆ ಬೇಕಾಗಿದ್ದು ಗರಿಯ ಟೊಳ್ಳು ದಂಟು.

ಹೆಬ್ಬಾತಿನ ಗರಿ ಎಲ್ಲಕ್ಕಿಂತ ಒಳ್ಳೆಯದು. ಊರಾಚೆಯ ಫಾರ್ಮ್‌ಹೌಸ್‌ಗಳಲ್ಲಿ ಕಾವಲಿಗೆಂದು ಹೆಬ್ಬಾತು ಸಾಕುವವರಿದ್ದಾರೆ. ವರ್ಷಕ್ಕೊಮ್ಮೆ ಅವು ಗರಿ ಉದುರಿಸುತ್ತವೆ, ತೋಟದ ಮಾಳಿಯನ್ನು ಕೇಳಿದರೆ ಎತ್ತಿಟ್ಟು ಕೊಡುತ್ತಾನೆ. ಬಾಲ್ಕನಿಯಲ್ಲಿ ಬಿದ್ದ ಪಾರಿವಾಳದ ಗರಿ ಬೇಡ, ತೀರಾ ಸಣ್ಣದು. ರೆಕ್ಕೆಯ ತುದಿಯ ಉದ್ದನೆಯ ಗರಿಯನ್ನೇ ಆರಿಸಿ. ಬಲಗೈಯಲ್ಲಿ ಬರೆಯುವವರಿಗೆ ಎಡ ರೆಕ್ಕೆಯದು ಅನುಕೂಲ. ಅದು ಕಣ್ಣಿಗೆ ಅಡ್ಡ ಬಾರದೆ ಆಚೆಗೆ ಬಾಗುತ್ತದೆ.

ಸೋಪು ನೀರಿನಲ್ಲಿ ತೊಳೆದು, ದಂಟನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ. ಬೆಳಗ್ಗೆ ಹಳೆಯ ಬಾಣಲೆಯಲ್ಲಿ ಸಣ್ಣ ಮರಳು ಕಾಯಿಸಿ, ಒಲೆ ಆರಿಸಿ, ದಂಟಿನ ತುದಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ಹೂಳಿ. ಮಂಡಕ್ಕಿ ಹುರಿಯುವುದನ್ನು ನೋಡಿದ್ದೀರಲ್ವಾ, ಹಾಗೆಯೇ ಇಲ್ಲೂ ಹದ ಮುಖ್ಯ. ಬಿಸಿ ಜಾಸ್ತಿಯಾದರೆ ದಂಟು ಗುಳ್ಳೆ ಏಳುತ್ತದೆ. ನನ್ನ ಮೊದಲ ಎರಡು ಗರಿ ಹೋಗಿದ್ದು ಹೀಗೆ. ಮನೆಯೆಲ್ಲ ಕೂದಲು ಸುಟ್ಟ ವಾಸನೆ! ಹದ ಬಂದರೆ ಬೆಳ್ಳಗಿದ್ದ ದಂಟು ಗಾಜಿನಂತೆ ತಿಳಿಯಾಗಿ ಗಟ್ಟಿಯಾಗುತ್ತದೆ. ಮೇಲಿನ ತೆಳು ಸಿಪ್ಪೆಯನ್ನು ಚಾಕುವಿನ ಬೆನ್ನಿನಿಂದ ಕೆರೆದು ತೆಗೆಯಿರಿ. ಈ ಕೆಲಸ ಬಿಟ್ಟರೆ ಪೆನ್ನು ನಾಲ್ಕು ಸಾಲಿಗೇ ಮೆತ್ತಗಾಗುತ್ತದೆ.

ಹಿಡಿಯುವ ಜಾಗದ ಎಳೆಗಳನ್ನು ಕಿತ್ತುಬಿಡಿ. ಸಿನಿಮಾದಲ್ಲಿ ಕಾಣುವ ಪುಕ್ಕದ ಜಂಬ ಸುಮ್ನೆ ತೋರಿಕೆಗೆ. ದಿನವಿಡೀ ಬರೆಯುವವರು ಅದನ್ನು ಬಹುಪಾಲು ಕತ್ತರಿಸಿಯೇ ಬಿಡುತ್ತಿದ್ದರು.

ಈಗ ಹರಿತವಾದ ಚಾಕು ಬೇಕು. ಇಂಗ್ಲಿಷಿನವರ ‘ಪೆನ್‌ನೈಫ್’ ಎಂಬ ಹೆಸರು ಬಂದಿದ್ದೇ ಈ ಕೆಲಸದಿಂದ. ತುದಿಯಲ್ಲಿ ಸುಮಾರು 2 ಸೆಂಟಿಮೀಟರ್ ಉದ್ದಕ್ಕೆ ಓರೆಯಾಗಿ ಕೊಯ್ಯಿರಿ. ಒಳಗಿನ ಒಣ ಪೊರೆಯನ್ನು ಕಡ್ಡಿಯಿಂದ ಎಳೆದು ತೆಗೆಯಿರಿ. ನಡುವೆ ಅರ್ಧ ಸೆಂಟಿಮೀಟರಿನಷ್ಟು ಸೀಳು ಹಾಕಿ. ಶಾಯಿ ಇಳಿಯುವ ದಾರಿ ಅದೇ. ಎರಡೂ ಬದಿ ಸವರಿ ಮೂತಿ ಕಿರಿದು ಮಾಡಿ. ಕೊನೆಗೆ ಗಾಜಿನ ತುಂಡಿನ ಮೇಲಿಟ್ಟು ತುದಿಯನ್ನು ಒಂದೇ ಏಟಿಗೆ ಕತ್ತರಿಸಿ. ಮಕ್ಕಳ ಕೈಗೆ ಚಾಕು ಕೊಡಬೇಡಿ.

ಶಾಯಿ ನಮ್ಮ ಪುಣೆಯ ಅಪ್ಪಾ ಬಳವಂತ ಚೌಕದ ಅಂಗಡಿಗಳಲ್ಲಿ ಸಿಗುತ್ತದೆ. ಫೌಂಟನ್ ಪೆನ್ನಿನ ಶಾಯಿ ತೀರಾ ನೀರು, ದೊಪ್ಪನೆ ಬೀಳುತ್ತದೆ. ಚಿಟಿಕೆ ಗೋಂದು ಕರಗಿಸಿದರೆ ಸರಿಹೋಗುತ್ತದೆ.

ಕೆಳಕ್ಕೆ ಎಳೆಯುವಾಗ ಗರಿ ಜಾರುತ್ತದೆ, ಮೇಲಕ್ಕೆ ತಳ್ಳಿದರೆ ಕಾಗದಕ್ಕೆ ಸಿಕ್ಕಿ ಶಾಯಿ ಸಿಡಿಸುತ್ತದೆ. ನಮ್ಮ ದುಂಡಕ್ಷರಕ್ಕೆ ಇದೇ ತೊಡಕು. ‘ಠ’ವನ್ನು ಒಂದೇ ಸುತ್ತಿಗೆ ಬರೆಯಲು ಹೋಗಬೇಡಿ. ಮೇಲಿನಿಂದ ಎಡಕ್ಕೊಂದು, ಬಲಕ್ಕೊಂದು ಗೆರೆ ಎಳೆದು ಕೆಳಗೆ ಕೂಡಿಸಿ. ಮೂತಿ ಮೊಂಡಾದರೆ ಮತ್ತೆ ಚಾಕು ಹಿಡಿಯಿರಿ. ದಂಟು ಗಿಡ್ಡವಾಗುವವರೆಗೂ ನಡೆಯುತ್ತದೆ.